ಕೋರ್ಸ್ ಮುಗಿಯಿತು, ಋಣ ಬಾಕಿ ಉಂಟು

ಸಾಂಸ್ಕೃತಿಕ ಮತ್ತು ಭಾಷಿಕ ಮಾನವಶಾಸ್ತ್ರದ ಪ್ರಾಥಮಿಕ ಕೋರ್ಸಿನ ಮೊದಲ ತಂಡದವರು ಊರ ಹಿರಿಯರ ಮಾತು ರೆಕಾರ್ಡ್ ಮಾಡಿ ಬರೆದ ವರದಿಗಳೆಲ್ಲ ಕೈಸೇರಿವೆ. ಅಂಕಪಟ್ಟಿಗೂ ಸಹಿ ಬಿತ್ತು. ಕಾಸರಗೋಡಿನಲ್ಲಿ ಇದನ್ನು ಕನ್ನಡದಲ್ಲೇ ಕಲಿಸಲು ಹೊರಟದ್ದು ಯಾಕೆ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿತು ಎಂಬುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತು, ಪುನಃ ಹೇಳುವುದಿಲ್ಲ. ಉಪಕಾರ ಮಾಡಿದವರನ್ನು ನೆನೆಯಲಿಕ್ಕೆ ಮಾತ್ರ ಈ ಬರಹ. ಎಲ್ಲರಿಗೂ ಸಮಪಾಲು ಸಿಗದು, ಉಪಕಾರವೂ ಸಮಪಾಲಿನದಾಗಿರಲಿಲ್ಲ.

ಕೋಣೆ ಬಿಟ್ಟುಕೊಟ್ಟ ವಾಚನಾಲಯದವರು, ರೆಕಾರ್ಡರ್ ಎರವಲು ಕೊಟ್ಟ ಮಾಷ್ಟ್ರು, ಮನೆಯ ಜಗಲಿಯಲ್ಲಿ ಕೂರಿಸಿ ಮಾತಾಡಿದ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಹಿರಿಯರು, ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ಫೋನಿನಲ್ಲೇ ಪಾಠಕ್ಕೆ ಒದಗಿದ ಗೆಳೆಯರು: ನಿಮಗೆಲ್ಲ ಒಟ್ಟಿಗೆ ಒಂದು ದೊಡ್ಡ ನಮಸ್ಕಾರ. ಸಾಂಗ್ಲಿಯವರಿಗೆ ಒಂದು ಮಾತು ಹೆಚ್ಚು. ಅವರ ಕಡೆಯ ಊರಾದ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಬರೆದದ್ದನ್ನು ಹಲಗೆಯ ಮೇಲೆ ಎಷ್ಟು ವಿವರಿಸಿದರೂ ತರಗತಿಯ ಮಕ್ಕಳಿಗೆ ಅದು ದೂರದ ಊರಿನ ಸಂಗತಿಯೇ. ‘ಇದು ನಿಮ್ಮ ಮನೆ’ ಎಂದರೆ ನಮಗೆ ವಾಕ್ಯ ಮುಗಿಯಿತು. ಅಲ್ಲಿಯ ಕನ್ನಡದಲ್ಲಿ ಮರಾಠಿಯ ಹಾಗೆ ಕೊನೆಗೊಂದು ‘ಐತಿ’ ಬೇಕು. ಶಬ್ದಗಳು ಅವರವರ ಮನೆಯವೇ, ವಾಕ್ಯದ ಕಟ್ಟು ಮಾತ್ರ ಒಂದಾಗುತ್ತ ಬಂದಿದೆ. ಅದನ್ನು ಗಡಿಯ ಇನ್ನೊಂದು ತುದಿಯ ಬಾಯಿಂದಲೇ ಕೇಳಿದ ಮೇಲೆ ನಮ್ಮ ಮಕ್ಕಳು ತಮ್ಮ ಊರಿನ ಕನ್ನಡದಲ್ಲಿ ಮಲಯಾಳ ಎಲ್ಲೆಲ್ಲಿ ಕೂತಿದೆ ಎಂದು ತಾವಾಗಿಯೇ ಹುಡುಕತೊಡಗಿದರು.

ಇನ್ನು ಅಕ್ಕ. ಬದಿಯಡ್ಕ ಕಡೆಯವರು, ಬೀಡಿ ಕಟ್ಟುವವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಯಾವ ಹಾಜರಿ ಪಟ್ಟಿಯಲ್ಲೂ, ಯಾವ ಸಮಿತಿಯಲ್ಲೂ ಅವರಿಲ್ಲ.

ಅವರು ಮಾಡಿದ್ದೇನು ಎಂದು ತಿಳಿಯಬೇಕಾದರೆ ತುಳು ಬರೆಯುವವರ ಕಷ್ಟ ಸ್ವಲ್ಪ ಗೊತ್ತಿರಬೇಕು. ತುಳುವಿನಲ್ಲಿ ‘ನಾನು ಹೇಳಿದೆ’ ಎಂಬುದಕ್ಕೂ ‘ಅವನು ಹೇಳಿದ’ ಎಂಬುದಕ್ಕೂ ಕನ್ನಡ ಲಿಪಿಯಲ್ಲಿ ‘ಪಂಡೆ’ ಎಂದೇ ಬರೆಯುತ್ತೇವೆ. ಕಿವಿಗೆ ಎರಡೂ ಬೇರೆ. ‘ನಾನು’ ಆದಾಗ ಕೊನೆಯ ಎಕಾರಕ್ಕೆ ಬಾಯಿ ಅಗಲವಾಗಿ ತೆರೆಯುತ್ತದೆ, ‘ಅವನು’ ಆದಾಗ ಸಾದಾ ಎಕಾರ. ‘ಯಾನ್’ (ನಾನು), ‘ಆಯೆ’ (ಅವನು) ಎಂದು ಮೊದಲೇ ಬಂದರೆ ತೊಂದರೆ ಇಲ್ಲ. ಆದರೆ ಹಳೆಯ ಸಂಗತಿ ಹೇಳುತ್ತ ಹೋಗುವವರು ವಾಕ್ಯವಾಕ್ಯಕ್ಕೂ ಅದನ್ನು ಹೇಳುವುದಿಲ್ಲ. ಮನೆಯಲ್ಲಿ ಕನ್ನಡವೋ ಮಲಯಾಳವೋ ಆಡಿ ಬೆಳೆದವರ ಕಿವಿಗೆ ಈ ಎರಡು ಎಕಾರಗಳ ವ್ಯತ್ಯಾಸ ಸುಲಭಕ್ಕೆ ಸಿಕ್ಕುವುದಿಲ್ಲ, ಅವರ ಮಾತಿನಲ್ಲಿ ಅದಕ್ಕೆ ಕೆಲಸವೇ ಇಲ್ಲವಲ್ಲ. ಒಬ್ಬ ಅಜ್ಜಿ ತನಗೂ ತಮ್ಮನಿಗೂ ನಡೆದ ಮಾತುಕತೆಯೊಂದನ್ನು ಹೇಳಿದ ರೆಕಾರ್ಡಿಂಗ್ ಇತ್ತು. ಆ ಮಾತುಕತೆಯ ವಿಷಯ ಇಲ್ಲಿ ಬೇಡ. ಬರೆದಿಟ್ಟ ಪ್ರತಿಯಲ್ಲಿ ಅಜ್ಜಿ ಹೇಳಿದ್ದು ಯಾವುದು, ತಮ್ಮ ಹೇಳಿದ್ದು ಯಾವುದು ಎಂದು ಒಂದೂ ತಿಳಿಯುತ್ತಿರಲಿಲ್ಲ. ಅರ್ಥವೇ ತಲೆಕೆಳಗಾದ ಪುಟಗಳು.

ವರದಿ ಒಪ್ಪಿಸುವ ಮುಂಚಿನ ರಾತ್ರಿ ಅದು. ಮಳೆ, ಕರೆಂಟಿಲ್ಲ, ಲ್ಯಾಪ್‌ಟಾಪಿನಲ್ಲಿ ಉಳಿದಷ್ಟೇ ಚಾರ್ಜು. ಅಕ್ಕ ಎಲೆ, ಹೊಗೆಸೊಪ್ಪು, ನೂಲು ಇಟ್ಟ ಮೊರ ಸಮೇತ ಬಂದು ಗೋಡೆಗೆ ಒರಗಿ ಕೂತರು. ಮರುದಿನದ ಲೆಕ್ಕಕ್ಕೆ ಅವರಿಗೆ ಬೀಡಿ ಕೊಡಲೇಬೇಕಿತ್ತು. ಕೈ ಕಟ್ಟುತ್ತಲೇ ಇತ್ತು, ಕಿವಿ ರೆಕಾರ್ಡಿಂಗಿನಲ್ಲಿ. ‘ಪಂಡೆ’ ಬಂದ ಕಡೆಯಲ್ಲೆಲ್ಲ ನಿಲ್ಲಿಸುವುದು. ಅಜ್ಜಿ ಹೇಳಿದ್ದಾದರೆ ಅಕ್ಕ ನೂಲು ಹಿಡಿದ ಬೆರಳನ್ನು ಎದೆಗೆ ಮುಟ್ಟಿಸುವರು. ತಮ್ಮ ಹೇಳಿದ್ದಾದರೆ ಗಲ್ಲ ಎತ್ತಿ ಅಂಗಳದ ಕಡೆ ತೋರಿಸುವರು. ಮಾತಿಲ್ಲ. ಮಾತಾಡಿದರೆ ಮುಂದಿನ ವಾಕ್ಯ ತಪ್ಪುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಸಂಶಯ ಬಂದಲ್ಲಿ ‘ಪುನಃ ಹಾಕಿ ಮಾಷ್ಟ್ರೇ’ ಅನ್ನುವರು, ಆಗಲೂ ತೀರ್ಮಾನವಾಗದಿದ್ದರೆ ತಲೆ ಅಲ್ಲಾಡಿಸುವರು. ಅಂಥ ಜಾಗಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಗೆಯೇ ಬಿಟ್ಟಿದ್ದೇವೆ. ಗೊತ್ತಿಲ್ಲದ್ದನ್ನು ಊಹಿಸಿ ತುಂಬುವುದಕ್ಕಿಂತ ಈ ಶಾಸ್ತ್ರದಲ್ಲಿ ದೊಡ್ಡ ಅಪರಾಧ ಇಲ್ಲ. ಅದನ್ನು ಆ ರಾತ್ರಿ ಮಕ್ಕಳು ಕಲಿತದ್ದು ನಮ್ಮಿಂದಲ್ಲ.

ಅವರ ಇನ್ನೊಂದು ಉಪಕಾರ ಅದಕ್ಕೂ ಹಿಂದಿನದು. ರೆಕಾರ್ಡಿಂಗಿಗೆ ಒಪ್ಪಿಗೆ ಕೇಳುವಾಗ ನಾಲ್ಕು ಪ್ರಶ್ನೆ ಬೇಕು: ಯಾರು ಕೇಳಬಹುದು, ಹೆಸರು ಹಾಕಬಹುದೋ, ಎಲ್ಲಿ ಇಡಬೇಕು, ನೀವು ಹೋದ ಮೇಲೆ ಏನು ಮಾಡಬೇಕು. ಮೊದಲ ಮೂರನ್ನು ಎಲ್ಲರೂ ಕೇಳುತ್ತಾರೆ. ನಾಲ್ಕನೆಯದು ಅಪಶಕುನ ಎಂದು ನಾಲಿಗೆ ಏಳುವುದಿಲ್ಲ. ಅಕ್ಕ ಅದನ್ನು ತುಳುವಿನಲ್ಲಿ, ಅಡಿಕೆ ಕತ್ತರಿಸುತ್ತ, ಹವಾಮಾನದ ಮಾತಿನ ಹಾಗೆ ಕೇಳಿಬಿಟ್ಟರು. ‘ನನ್ನ ಮಕ್ಕಳಿಗೆ ಕೊಡಿ, ಮತ್ತೆ ಅವರು ಹೇಳಿದ ಹಾಗೆ’ ಎಂದರು ಅಜ್ಜಿ. ಅದೂ ರೆಕಾರ್ಡ್ ಆಗಿತ್ತು.

ಅಜ್ಜಿ ಈಗ ಇಲ್ಲ. ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ ಮಗಳು ಆ ಕಡತ ಕೇಳಿ ಬಂದರು. ಕೊಟ್ಟೆವು. ಬಂದವರು ಅಲ್ಲೇ ಕೂತು ಕೇಳಿದರು. ಆ ಹೊತ್ತಿಗೆ ಕೋಣೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ‘ಇದರಿಂದ ಯಾರಿಗೆ ಕೆಲಸ ಸಿಗ್ತದೆ’ ಎಂದು ಈ ಕೋರ್ಸಿನ ಬಗ್ಗೆ ವರ್ಷವಿಡೀ ಕೇಳಿದವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅಕ್ಕ ಎದ್ದು ಚಾ ಮಾಡಿದರು.

ಮುಂದಿನ ತಂಡಕ್ಕೆ ಕೆಲಸಕ್ಕೆ ಬರುವ ನಾಲ್ಕು ಮಾತುಗಳನ್ನೂ ಇಲ್ಲೇ ಬರೆಯುತ್ತೇವೆ, ಇವೂ ಯಾರು ಯಾರೋ ಕಲಿಸಿದ್ದೇ. ಮೈಕ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ ಪಕಾರ, ಬಕಾರಗಳ ಗಾಳಿ ಬಡಿಯುತ್ತದೆ. ಫ್ಯಾನ್ ಆರಿಸಿ, ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಕೂರಬೇಡಿ. ಧ್ವನಿಯನ್ನು ಕುಗ್ಗಿಸದ ವೇವ್ (WAV) ಕಡತವಾಗಿಯೇ ಉಳಿಸಿ. ಕುಗ್ಗಿಸಿದ ಕಡತದಲ್ಲಿ ಕಳೆದುಹೋದ ಸ್ವರ ಮತ್ತೆ ಸಿಗದು. ಧ್ವನಿಯ ಜೊತೆಗೇ ಅದರ ಬರಹ ಜೋಡಿಸುವ ಎಲಾನ್ (ELAN) ತಂತ್ರಾಂಶದಲ್ಲಿ ಬರೆಯುವವರು ಧ್ವನಿ ಮತ್ತು ಬರಹ ಎರಡನ್ನೂ ಒಂದೇ ಫೋಲ್ಡರಿನಲ್ಲಿಡಿ, ನಡುವೆ ಹೆಸರು ಬದಲಿಸಿದರೆ ಎರಡರ ಕೊಂಡಿ ತಪ್ಪುತ್ತದೆ. ಸಾಲುಗಳು ಮೂರು: ಆಡಿದ್ದು ಆಡಿದ ಹಾಗೆ, ಪದಕ್ಕೆ ಪದ, ಆಮೇಲೆ ಕನ್ನಡದ ಅರ್ಥ. ಎರಡು ಎಕಾರಕ್ಕೆ ಧ್ವನಿಲಿಪಿಯ ಎರಡು ಚಿಹ್ನೆಗಳನ್ನು ಮೊದಲ ದಿನದಿಂದಲೇ ಬಳಸಿ.

ಸಂಬಂಧದ ನಕ್ಷೆಗೆ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ. ಇದು ಪುಸ್ತಕದಲ್ಲೇ ಉಂಟು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಲ್ಲಿ ಅಜ್ಜನನ್ನು ಮೇಲೆ ಬರೆದು ಕೆಳಗಿಳಿದರೆ ಬಳಿ (ತಾಯಿಯಿಂದ ಬರುವ ಕುಲ) ತಪ್ಪುತ್ತದೆ, ನಕ್ಷೆ ಹರಿದುಹೋಗುತ್ತದೆ. ಅಜ್ಜಿಯ ತಾಯಿಯಿಂದ ತೊಡಗಬೇಕು ಎಂದು ನಮಗೆ ತೋರಿಸಿದ್ದು ಕುಂಬಳೆಯ ಹಿರಿಯರೊಬ್ಬರು. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1915ರಿಂದ 1918ರ ನಡುವೆ ನ್ಯೂಗಿನಿ ಕಡೆಯ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿ ಕಂಡ ಸೋದರಮಾವನ ಅಧಿಕಾರ ಬೇರೆ ಕಡೆ ಪಾಠ ಮಾಡುವವರಿಗೆ ವಿಚಿತ್ರ ಸಂಗತಿ. ಇಲ್ಲಿ ಅರ್ಧ ತರಗತಿ ‘ನಮ್ಮಲ್ಲೂ ಹಾಗೇ ಇತ್ತಲ್ಲ’ ಎಂದಿತು. ಕರೆಯುವ ಪದ ಬೇರೆ, ಇತರರಿಗೆ ಹೇಳುವಾಗ ಬಳಸುವ ಪದ ಬೇರೆ ಎಂಬುದನ್ನು ಮರೆಯಬೇಡಿ. ಎರಡನ್ನೂ ಕೇಳಿ ಬರೆಯಿರಿ.

ಅಕ್ಕನಿಗೆ ಗೌರವಧನ ಕೊಡಲು ಹೋದರೆ ಬೇಡ ಅನ್ನಲಿಲ್ಲ, ಒಳ್ಳೆಯದಾಯಿತು. ಬೀಡಿ ಕಟ್ಟುವುದು ತಪ್ಪಿದ ಹೊತ್ತಿನದ್ದೂ ಲೆಕ್ಕ ಹಾಕಿ ಎಂದರು, ಹಾಕಿದ್ದೇವೆ. ಮುಂದಿನ ತಂಡಕ್ಕೂ ಬರುತ್ತಾರಂತೆ, ಆದರೆ ರಾತ್ರಿಗಲ್ಲ.