ಕೋತಿಗಳ ತಲೆ ಎಣಿಸಿದರೆ ಸಾಲದು

ಮಾನ್ಯರೇ,

ವೈದ್ಯಕೀಯ ಸಂಶೋಧನೆಗೆ ಕೋತಿಗಳ ಕೊರತೆಯ ಮಾತು ಬಂದಾಗಲೆಲ್ಲ ಚರ್ಚೆ ‘ಎಷ್ಟು ಸಾವಿರ ಬೇಕು’ ಎಂಬಲ್ಲಿಗೇ ನಿಲ್ಲುತ್ತದೆ. ಆ ಸಾವಿರ ಮರಿಗಳಿಗೆ ಅಪ್ಪಂದಿರೆಷ್ಟು ಎಂದು ಯಾರೂ ಕೇಳುವುದಿಲ್ಲ. ತಳಿವೃದ್ಧಿ ಕೇಂದ್ರವೊಂದರ ಯೋಗ್ಯತೆ ಗೊತ್ತಾಗುವುದು ಆ ಪ್ರಶ್ನೆಯಲ್ಲೇ.

ಒಂದು ಗಂಡು, ಹತ್ತು ಹೆಣ್ಣು ಇರುವ ರೀಸಸ್ ಕೋತಿಗಳ ಗುಂಪನ್ನು ತೆಗೆದುಕೊಳ್ಳಿ. ಗಂಡು, ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಒಟ್ಟು ಪ್ರಾಣಿಗಳಿಂದ ಭಾಗಿಸಿದರೆ 3.6 ಬರುತ್ತದೆ. ಕಣ್ಣಿಗೆ ಹನ್ನೊಂದು ಕಂಡರೂ ಆನುವಂಶಿಕ ವೈವಿಧ್ಯ ಉಳಿಸಿಕೊಳ್ಳುವುದರಲ್ಲಿ ಆ ಗುಂಪಿನ ಬೆಲೆ ಅಷ್ಟು ಪ್ರಾಣಿಗಳದ್ದೇ. ಹೊರಗಿನಿಂದ ಹೊಸ ಪ್ರಾಣಿ ಬಾರದಿದ್ದರೆ ಒಂದೇ ತಲೆಮಾರಿಗೆ ಸುಮಾರು ಶೇ 14ರಷ್ಟು ವೈವಿಧ್ಯ ಹೋಗುತ್ತದೆ. ಇನ್ನೊಂದು ಗಂಡನ್ನು ಸೇರಿಸಿದರೆ ಬೆಲೆ 6.7ಕ್ಕೆ ಏರುತ್ತದೆ, ಆದರೆ ಅದೂ ಮರಿ ಹುಟ್ಟಿಸಿದರೆ ಮಾತ್ರ.

ಹುಟ್ಟಿಸಿತೋ ಇಲ್ಲವೋ ಎಂಬುದನ್ನು ನೋಡಿ ಹೇಳಲಾಗದು. ಗುಂಪಿನ ಯಜಮಾನ ಗಂಡನ್ನೇ ಅಪ್ಪ ಎಂದು ಬರೆದಿಟ್ಟ ವಂಶಾವಳಿಗಳು ಡಿಎನ್‌ಎ ಪರೀಕ್ಷೆಯಲ್ಲಿ ಎಷ್ಟೋ ಸಲ ಬಿದ್ದುಹೋಗುತ್ತವೆ. ತಾಯಿಯ ಹೆಸರೂ ತಪ್ಪಾಗುವುದುಂಟು, ಏಕೆಂದರೆ ಮೇಲಿನ ಸ್ಥಾನದ ಹೆಣ್ಣುಗಳು ಬೇರೆಯವರ ಮರಿಯನ್ನು ಎತ್ತಿಕೊಂಡು ಹೋಗುತ್ತವೆ. ಹಾಗಾಗಿ ಮರಿ, ತಾಯಿ ಮತ್ತು ಅಪ್ಪನಾಗಿರಬಹುದಾದ ಎಲ್ಲ ಗಂಡುಗಳ ಮಾದರಿ ಬೇಕು. ಗರ್ಭಾವಧಿ ಸುಮಾರು 165 ದಿನ. ಮರಿ ಹುಟ್ಟಿದ ದಿನ ಆವರಣದಲ್ಲಿದ್ದ ಗಂಡುಗಳನ್ನಲ್ಲ, ಐದೂವರೆ ತಿಂಗಳ ಹಿಂದೆ ಇದ್ದವನ್ನು ಪಟ್ಟಿ ಮಾಡಬೇಕು. ಹೆಚ್ಚಿನ ತಪ್ಪುಗಳು ನುಸುಳುವುದು ಇಲ್ಲೇ.

ಹೆಣ್ಣುಮರಿ ಎರಡೂವರೆ–ಮೂರು ವರ್ಷಕ್ಕೇ ಗರ್ಭ ಕಟ್ಟಬಹುದು. ಅಷ್ಟರೊಳಗೆ ಅದರ ಅಪ್ಪನನ್ನು ಗುಂಪಿನಿಂದ ತೆಗೆಯದಿದ್ದರೆ ಅಪ್ಪ–ಮಗಳ ಕೂಡಿಕೆಯಿಂದ ಹುಟ್ಟುವ ಮರಿಯ ಒಳತಳಿ ಗುಣಾಂಕ (ಅಪ್ಪ, ಅಮ್ಮ ಇಬ್ಬರಿಂದಲೂ ಒಂದೇ ಪೂರ್ವಜನ ವಂಶವಾಹಿ ಬರುವ ಸಾಧ್ಯತೆ) ಶೇ 25. ಅಪ್ಪ ಒಬ್ಬನೇ, ತಾಯಂದಿರು ಬೇರೆಯಾದ ಅಣ್ಣ–ತಂಗಿಯರ ಮರಿಯದು ಶೇ 12.5. ಆದರೆ ಗಂಡನ್ನು ಬದಲಿಸುವುದು ಹಗುರ ಕೆಲಸವಲ್ಲ. ಹೊಸಬನನ್ನು ನೇರವಾಗಿ ಒಳಗೆ ಬಿಟ್ಟರೆ ಹಿರಿಯ ಹೆಣ್ಣುಗಳು ಮಕ್ಕಳು–ಮೊಮ್ಮಕ್ಕಳ ಸಮೇತ ಮೈಮೇಲೆ ಬೀಳುತ್ತವೆ. ಮೊದಲು ಜಾಲರಿಯ ಆಚೆ ಇಟ್ಟು, ಆಮೇಲೆ ನಾಲ್ಕೈದು ಹೆಣ್ಣುಗಳ ಜತೆ ಸೇರಿಸಿ, ಅವು ಅದರ ಮೈ ಹೇನು ಹೆಕ್ಕತೊಡಗಿದ ಮೇಲಷ್ಟೇ ಪೂರ್ತಿ ಗುಂಪಿಗೆ ಬಿಡಬೇಕು. ಹಳೆಯ ಯಜಮಾನನನ್ನು ಅವಸರದಲ್ಲಿ ತೆಗೆದರೂ ಅಪಾಯವಿದೆ. ತಾಯಿವಂಶಗಳ ನಡುವಿನ ಮೇಲು–ಕೀಳು ಕದಡಿ, ಸಾಯುವ ಮಟ್ಟದ ಕಾದಾಟ ಶುರುವಾಗುತ್ತದೆ. ವೀರ್ಯ ಕಳಿಸಿ ಈ ತಾಪತ್ರಯ ತಪ್ಪಿಸಿಕೊಳ್ಳೋಣವೆಂದರೆ, ರೀಸಸ್ ಹೆಣ್ಣಿನ ಗರ್ಭಕಂಠ ಅಂಕುಡೊಂಕಾಗಿರುವುದರಿಂದ ಕೃತಕ ಗರ್ಭಧಾರಣೆ ಕಷ್ಟ.

ವೈರಸ್‌ಮುಕ್ತ ಕಾಲೊನಿ ಕಟ್ಟುವಾಗಲೂ ವೈವಿಧ್ಯ ಸೋರುತ್ತದೆ. ಮನುಷ್ಯರಿಗೆ ತಗುಲಿದರೆ ಮಾರಕವಾಗಬಲ್ಲ, ಕೋತಿಗಳ ಹರ್ಪಿಸ್ ಬಿ ವೈರಸ್ ನರಗಂಟುಗಳಲ್ಲಿ ಅಡಗಿ ಕೂರುವುದರಿಂದ ಒಂದು ಸಲದ ‘ನೆಗೆಟಿವ್’ ನಂಬುವಂತಿಲ್ಲ. ಪದೇ ಪದೇ ಪರೀಕ್ಷಿಸಬೇಕು. ಹೀಗೆ ಸೋಸುತ್ತ ಹೋದಾಗ ಉಳಿಯುವ ಮರಿಗಳು ಕೆಲವೇ ತಾಯಂದಿರವು. ಕಾಲೊನಿ ಶುರುವಾದಾಗಿನ ಮೂಲ ಪ್ರಾಣಿಯೊಂದರ ವಂಶದಲ್ಲಿ ಕೊನೆಗೆ ಉಳಿದ ಮರಿಯನ್ನು, ಅದು ಸಣಕಲಾಗಿದ್ದರೂ, ತಳಿಗೆ ಉಳಿಸಿಕೊಳ್ಳಬೇಕೆನ್ನುವುದು ನಮ್ಮ ಖಚಿತ ಅಭಿಪ್ರಾಯ. 1978ರಲ್ಲಿ ಭಾರತ ರೀಸಸ್ ರಫ್ತು ನಿಲ್ಲಿಸಿದ ಮೇಲೆ ಹೊರದೇಶಗಳ ಭಾರತೀಯ ಮೂಲದ ಕಾಲೊನಿಗಳಿಗೆ ಹೊಸ ರಕ್ತ ಸಿಗುವುದು ದುರ್ಲಭ. ಚೀನಾ ಮೂಲದವನ್ನು ಬೆರೆಸಿದರೆ ಫಲಿತಾಂಶದ ಅರ್ಥವೇ ಬದಲಾಗಬಹುದು, ಏಕೆಂದರೆ ಪ್ರಯೋಗದಲ್ಲಿ ಎಸ್‌ಐವಿ (ಎಚ್‌ಐವಿಯನ್ನು ಹೋಲುವ, ಕೋತಿಗಳ ವೈರಸ್) ತಗುಲಿಸಿದಾಗ ಅವುಗಳ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಸಾಮಾನ್ಯವಾಗಿ ಕಡಿಮೆ ಇರುತ್ತದೆ.

ಅಪ್ಪಂದಿರು ಕೆಲವೇ ಆಗಿ, ಅವರು ಯಾರೆಂದೂ ತಿಳಿಯದಿದ್ದರೆ ಅದರ ಪೆಟ್ಟು ಬೀಳುವುದು ಪ್ರಯೋಗದ ಫಲಿತಾಂಶಕ್ಕೆ. ಮಾಮು-ಬಿ*08 ಎಂಬ ವಂಶವಾಹಿ ರೂಪವಿರುವ ಕೋತಿಗಳು ಔಷಧವಿಲ್ಲದೆಯೂ ಎಸ್‌ಐವಿಯನ್ನು ಹತೋಟಿಯಲ್ಲಿಡುವ ಸಾಧ್ಯತೆ ಹೆಚ್ಚು. ಅಂಥ ಒಂದೇ ಗಂಡಿನ ಮರಿಗಳು ಲಸಿಕೆ ಪಡೆದ ಗುಂಪಿನಲ್ಲೇ ಸೇರಿಬಿಟ್ಟರೆ ಲಸಿಕೆ ಗೆದ್ದಂತೆ ಕಾಣುತ್ತದೆ. ಪ್ರಯೋಗ ಮತ್ತೆ ಮಾಡಬೇಕಾಗುತ್ತದೆ, ಅಷ್ಟು ಜೀವಗಳು ವ್ಯರ್ಥವಾಗುತ್ತವೆ. ಇದನ್ನು ಸಣ್ಣ ಲೋಪವೆಂದು ತಳ್ಳಿಹಾಕಲು ನಮ್ಮಿಂದಾಗದು.

ಆದ್ದರಿಂದ ಕೇಂದ್ರಗಳು ವಾರ್ಷಿಕ ವರದಿಯಲ್ಲಿ ಒಟ್ಟು ಸಂಖ್ಯೆಯ ಪಕ್ಕದಲ್ಲೇ ಡಿಎನ್‌ಎಯಿಂದ ಖಚಿತಪಟ್ಟ ಅಪ್ಪಂದಿರ ಸಂಖ್ಯೆಯನ್ನೂ ಮೂಲ ಪ್ರಾಣಿಗಳಲ್ಲಿ ಎಷ್ಟರ ವಂಶ ಉಳಿದಿದೆ ಎಂಬುದನ್ನೂ ಕೊಡಲಿ. ಸತ್ತ ಅಥವಾ ಬೇರೆಡೆಗೆ ಹೋದ ಪ್ರತಿ ಕೋತಿಯ ರಕ್ತವನ್ನೋ ಅಂಗಾಂಶದ ಚೂರನ್ನೋ ಶೈತ್ಯದಲ್ಲಿ ಕಾದಿಡಲಿ. ಅದಿಲ್ಲದಿದ್ದರೆ ಮುಂದೆ ಅಪ್ಪ ಯಾರೆಂಬ ಅನುಮಾನ ಎದ್ದಾಗ ಹೋಲಿಸಲು ಏನೂ ಇರುವುದಿಲ್ಲ.

– ಸಂಶೋಧನಾ ಪ್ರಾಣಿಗಳ ತಳಿ ನಿರ್ವಹಣೆಯಲ್ಲಿರುವ ಪಶುವೈದ್ಯರು