ಕೀಬೋರ್ಡಿಗೆ ‘ಸರಿಗಮ’ ಚೀಟಿ ಬೇಡ

ಮಾನ್ಯರೆ,

ಬೇಸಿಗೆ ಶಿಬಿರ ಶುರುವಾಯಿತೆಂದರೆ ಮೈಸೂರಿನ ಬಡಾವಣೆಗಳಲ್ಲೂ ಮಂಡ್ಯದಲ್ಲೂ ಮಕ್ಕಳ ಮುಂದೆ 61 ಕೀಗಳ ಕೀಬೋರ್ಡ್ ಬಂದು ಕೂರುತ್ತದೆ. ಜೊತೆಗೆ ಬಿಳಿ ಕೀಗಳ ಮೇಲೆ ಸ, ರಿ, ಗ, ಮ ಎಂದು ಬರೆದ ಚೀಟಿಗಳೂ ಬೀಳುತ್ತವೆ. ಸಮಾರೋಪದ ದಿನ ಒಂದು ಹಾಡು ನುಡಿಸಿ ತೋರಿಸಲು ಇದು ಸುಲಭ, ಪೋಷಕರಿಗೂ ಖುಷಿ. ಆದರೆ ಚೀಟಿ ಕಿತ್ತ ದಿನ ಮಗುವಿಗೆ ಯಾವ ಕೀ ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಗುರುತು ಬೇಕಿದ್ದರೆ ಅದು ವಾದ್ಯದಲ್ಲೇ ಇದೆ. ಕರಿ ಕೀಗಳು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿವೆ. ಪಾಶ್ಚಾತ್ಯ ಸಂಗೀತದ ಹೆಸರಿನಲ್ಲಿ, ಎರಡರ ಗುಂಪಿಗೆ ಎಡಕ್ಕೆ ತಾಗಿದ ಬಿಳಿ ಕೀ ಸಿ, ನಡುವಿನದು ಡಿ, ಬಲದ್ದು ಇ. ಮೂರರ ಗುಂಪಿಗೆ ಎಡಕ್ಕೆ ಎಫ್, ಒಳಗೆ ಜಿ ಮತ್ತು ಎ, ಬಲಕ್ಕೆ ಬಿ. ಇ–ಎಫ್ ನಡುವೆ, ಬಿ–ಸಿ ನಡುವೆ ಕರಿ ಕೀ ಇಲ್ಲ. ಶ್ರುತಿ (ಹಾಡಿನ ಆಧಾರ ಸ್ವರ) ಹೇಳುವಾಗ ಬಿಳಿ ಕೀಗಳನ್ನು ಸಿಯಿಂದ ಒಂದು ಮನೆ, ಎರಡು ಮನೆ ಎಂದು ಎಣಿಸಿ, ನಡುವಿನ ಕರಿ ಕೀಗೆ ಅರ್ಧ ಸೇರಿಸುತ್ತಾರೆ; ಎರಡೂವರೆ ಮನೆ, ನಾಲ್ಕೂವರೆ ಮನೆ ಇದ್ದು ಮೂರೂವರೆ ಮನೆ ಇಲ್ಲದಿರುವುದೂ ಇದಕ್ಕೇ. ಮಗು ಕಣ್ಣು ಮುಚ್ಚಿ, ಕರಿ ಕೀಗಳನ್ನು ಸವರಿ, ಸಿ ಹುಡುಕಲಿ. 61 ಕೀಗಳಲ್ಲಿ ಆರು ಸಿ ಇವೆ, ಉಳಿದ ಸ್ವರಗಳು ಐದೈದು.

ಒಂದು ಸಿಯಿಂದ ಕರಿ–ಬಿಳಿ ಎಲ್ಲ ಸೇರಿಸಿ 12 ಕೀ ಎಣಿಸಿದರೆ ಹದಿಮೂರನೆಯದು ಮತ್ತೆ ಸಿ. ಇದೇ ಒಂದು ಆಕ್ಟೇವ್. ಹೆಸರು ಮರಳಿ ಬರಲು ಕಾರಣವಿದೆ: ಕಂಪನ ಸರಿಯಾಗಿ ಎರಡರಷ್ಟಾಗುತ್ತದೆ. ಮಧ್ಯದ ಎ 440 ಹರ್ಟ್ಸ್, ಅದರ ಕೆಳಗಿನ ಎ 220, ಮೇಲಿನದು 880. ಆಕ್ಟೇವಿನ ಸಂಖ್ಯೆ (ಸಿ3, ಸಿ4 ಎಂಬಲ್ಲಿನ ಅಂಕಿ) ಬದಲಾಗುವುದು ಯಾವಾಗಲೂ ಸಿಯಲ್ಲಿ. ನಮ್ಮ ಸಂಗೀತದಲ್ಲಿ ಆಕ್ಟೇವಿಗೆ ಹೇಳುವ ಸ್ಥಾಯಿ ಹಾಗಲ್ಲ, ಷಡ್ಜ (ಸ) ಎಲ್ಲಿದೆಯೋ ಅಲ್ಲಿಂದ ಎಣಿಕೆ.

ಎಡವಟ್ಟಾಗುವುದು ಇಲ್ಲೇ. ಸಿ ಎಂದರೆ ಸ ಎಂದು ಚೀಟಿ ಹೇಳುತ್ತದೆ. ಅದು ಒಂದು ಮನೆ ಶ್ರುತಿಗೆ ಮಾತ್ರ ಸರಿ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ರಾಗ ಮಾಯಾಮಾಳವಗೌಳವನ್ನೇ ನೋಡಿ: ಸಿಯಲ್ಲಿ ಷಡ್ಜವಾದರೆ ಬೇಕಾದ ಕರಿ ಕೀ ಎರಡೇ, ಎರಡರ ಗುಂಪಿನ ಎಡದ್ದು, ಮೂರರ ಗುಂಪಿನ ನಡುವಿನದು. (ಬಿಳಿ ಕೀಗೆ ಮಾತ್ರ ಚೀಟಿ ಅಂಟಿಸಿದ್ದರೆ ಇಲ್ಲೇ ರಿ, ದ ಎರಡೂ ತಪ್ಪುತ್ತವೆ, ಮಗು ನುಡಿಸುವುದು ಬೇರೆಯೇ ರಾಗ, ಶಂಕರಾಭರಣ!) ಹುಡುಗಿಯೊಬ್ಬಳು ಐದು ಮನೆಯಲ್ಲಿ ಹಾಡಿದರೆ ಷಡ್ಜ ಜಿಗೆ ಹೋಗುತ್ತದೆ, ‘ಪ’ ಎಂಬ ಚೀಟಿಯ ಮೇಲೆ ‘ಸ’ ನುಡಿಸಬೇಕು, ಕರಿ ಕೀಗಳೂ ಮೂರಾಗುತ್ತವೆ. ಆಗ ಹಲವರು ಟ್ರಾನ್ಸ್‌ಪೋಸ್ ಗುಂಡಿಯನ್ನು (ಎಲ್ಲ ಸ್ವರಗಳನ್ನೂ ಒಟ್ಟಿಗೆ ಸರಿಸುವ ಗುಂಡಿ) ಏಳಕ್ಕೆ ಏರಿಸಿ ಕೈ ತೊಳೆದುಕೊಳ್ಳುತ್ತಾರೆ. ಬೆರಳು ಸಿಯ ಮೇಲೆ, ಕೇಳುವುದು ಜಿ. ಗುಂಡಿ ಹಾಗೇ ಉಳಿದರೆ ಆಮೇಲೆ ನುಡಿಸಲು ಕೂರುವವರ ಪಾಡು ಕೇಳಬೇಡಿ.

ಸ್ವರಗಳನ್ನು ಬರೆದು ಪಿಯಾನೊ ಕಲಿಯುವ ಪದ್ಧತಿಗೂ ನಮ್ಮ ಪದ್ಧತಿಗೂ ಈ ಊರಲ್ಲಿ ಜಗಳವಿರಲಿಲ್ಲ. ಪಿಯಾನೊ ಬಲ್ಲ ಜಯಚಾಮರಾಜ ಒಡೆಯರು ಕೃತಿಗಳನ್ನೂ ರಚಿಸಿದರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಕೀಗೆ ಸಿ, ಡಿ ಎಂಬ ಸ್ಥಿರ ಹೆಸರು, ರಾಗಕ್ಕೆ ಚಲಿಸುವ ಸರಿಗಮ, ಎರಡನ್ನೂ ಬೇರೆಯಾಗಿಯೇ ಕಲಿಸಿದರೆ ಹತ್ತು ವರ್ಷದ ಮಗುವೂ ಹಿಡಿದುಕೊಳ್ಳುತ್ತದೆ.

ಕೊನೆಯದಾಗಿ, 61 ಕೀಗಳದ್ದರಲ್ಲಿ ಮಧ್ಯದ ಸಿ ಎಡದಿಂದ ಮೂರನೆಯ ಸಿ. 88 ಕೀಗಳ ಪಿಯಾನೊದಲ್ಲಿ ಎಡಕ್ಕೆ ಇನ್ನೂ 15 ಕೀಗಳಿರುವುದರಿಂದ ಅದು ನಾಲ್ಕನೆಯದು. ಯಮಾಹಾ ಕೈಪಿಡಿಯಲ್ಲಿ ಅದನ್ನು ಸಿ3 ಎಂದೂ ಬೇರೆಡೆ ಸಿ4 ಎಂದೂ ಬರೆದಿರುತ್ತಾರೆ, ಗಾಬರಿ ಬೇಡ. ಶಿಬಿರದವರು ಗುರುತು ಹಾಕಲೇಬೇಕೆಂದರೆ ಆ ಒಂದು ಕೀಗೆ ಚುಕ್ಕೆ ಇಡಲಿ, ಅದನ್ನೂ ಹದಿನೈದು ದಿನದಲ್ಲಿ ಕಿತ್ತುಬಿಡಲಿ.

– ಕೀಬೋರ್ಡ್ ಶಿಕ್ಷಕರು, ಸರಸ್ವತಿಪುರಂ, ಮೈಸೂರು