ವಿದ್ಯಾನ ಇನ್ಸುಲಿನ್, ಇಲ್ಲಿಯ ವಿಮೆ, ಇಲ್ಲಿಯ ಡಾಕ್ಟರು

ಲೈಪ್‌ಜಿಗ್, ಜರ್ಮನಿ

ಅಕ್ಕಗ, ಮಾಮಾಗ ನಮಸ್ಕಾರ.

ವಿದ್ಯಾಗ ಇಲ್ಲಿ ಓದಾಕ ಸೀಟು ಸಿಕ್ಕಿದ್ದು ಕೇಳಿ ಭಾಳ ಖುಷಿ ಆತು. ಟೈಪ್ 1 ಶುಗರ್ ಇರೋ ಹುಡುಗಿ, ಜರ್ಮನಿಯಾಗ ಸಾರ್ವಜನಿಕ ವಿಮೆ ತಗೊಳ್ಳೋ ಎಂಡೋಕ್ರೈನಾಲಜಿಸ್ಟ್, ಅಂದ್ರ ಶುಗರ್-ಥೈರಾಯ್ಡ್ ನೋಡೋ ಹಾರ್ಮೋನ್ ಡಾಕ್ಟರು, ಸಿಗ್ತಾರೇನು ಅಂತ ಕೇಳೀದಿ. ಸಿಗ್ತಾರ. ಆದ್ರ ಗದಗದಿಂದ ಹುಬ್ಬಳ್ಳಿಗೆ ಬಸ್ ಹತ್ತಿ, ದೊಡ್ಡ ಡಾಕ್ಟರ್ ಹತ್ರ ಸೀದಾ ಚೀಟಿ ಮಾಡಿಸಿ, ಪಾಳೆ ಹಚ್ಚಿ ತೋರಿಸ್ಕೊಂಡು ಬರೂದು ಇಲ್ಲಿ ನಡಿಯಂಗಿಲ್ಲ. ಮೊದಲ ವಿಮೆ, ಆಮ್ಯಾಲೆ ಮನಿ ಡಾಕ್ಟರು, ಕಡೀಕ ಸ್ಪೆಷಲಿಸ್ಟು. ಈ ಪಾಳಿ ತಪ್ಪಿದ್ರ ತಿಂಗಳಗಟ್ಟಲೆ ಕಾಯೂದ ಆಗತೈತಿ.

ವಿಮೆ ವಿಷಯದಾಗ ಮಾಮಾ ಒಂದಿಷ್ಟು ಗಟ್ಟಿ ಇರಬೇಕು. 30 ವರ್ಷದ ಒಳಗಿನ ವಿದ್ಯಾರ್ಥಿಗೆ ಟಿಕೆ, ಎಒಕೆ, ಬಾರ್ಮರ್‌ನಂಥಾ ಸಾರ್ವಜನಿಕ ವಿಮಾ ಸಂಸ್ಥೆಯವರು ಇಲ್ಲ ಅನ್ನಂಗಿಲ್ಲ. ಹಳೇ ಕಾಯಿಲೆ ಐತಿ ಅಂತ ಕಂತು ಹೆಚ್ಚು ಮಾಡಂಗಿಲ್ಲ. ತಿಂಗಳಿಗೆ 150 ಯೂರೋದ ಆಸುಪಾಸು ಬರತೈತಿ. ಏಜೆಂಟರು ಅದಕ್ಕಿಂತ ಅಗ್ಗದ ಖಾಸಗಿ ಪಾಲಿಸಿ ತೋರಿಸ್ತಾರ. ಅದು ಆಕಿಗೆ ಬ್ಯಾಡೇ ಬ್ಯಾಡ. ಅಂಥವು ಬಹಳಷ್ಟು ಮೊದಲಿಂದ ಇರೋ ರೋಗಕ್ಕ ಒಂದು ರೂಪಾಯಿ ಕೊಡಂಗಿಲ್ಲ. ಮ್ಯಾಲೆ, ಸಾರ್ವಜನಿಕ ವಿಮೆ ಬ್ಯಾಡ ಅಂತ ಒಮ್ಮೆ ಬರದುಕೊಟ್ರ ಓದು ಮುಗಿಯೋತನಕ ತಿರುಗಿ ಒಳಗ ಬರಾಕ ಆಗಂಗಿಲ್ಲ.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕ ಶುರು. ಅದಕ್ಕೂ ಮೊದಲ ಬಂದ್ರ ಆ ನಡುವಿನ ದಿನಕ್ಕ ಟ್ರಾವೆಲ್ ಇನ್ಶೂರೆನ್ಸ್ ಅಷ್ಟ ಇರತೈತಿ, ಅದರಾಗೂ ಹೆಚ್ಚಾಗಿ ಶುಗರ್ ಕೂಡಂಗಿಲ್ಲ. ಹಂಗಾಗಿ 3 ತಿಂಗಳಿಗೆ ಸಾಕಾಗೋವಷ್ಟು ಇನ್ಸುಲಿನ್, ಸೂಜಿ, ಸ್ಟ್ರಿಪ್ ಸಂಗಡ ತರಲಿ. ಸ್ವಂತ ಬಳಕಿಗೆ ಅಷ್ಟು ತರಾಕ ಬಿಡ್ತಾರ. ಇನ್ಸುಲಿನ್ ಎಲ್ಲಾ ಕೈಚೀಲದಾಗ ಇರಬೇಕು. ಕೆಳಗಿನ ಲಗೇಜಿಗೆ ಹಾಕಿದ್ರ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಕೆಟ್ಟಂಗ. ಮುಂದ ತೀರಿತು ಅಂತ ಊರಿಂದ ಪಾರ್ಸಲ್ ಮಾತ್ರ ಕಳಸಬ್ಯಾಡ. ಯುರೋಪಿನ ಹೊರಗಿಂದ ಟಪಾಲಿನ್ಯಾಗ ಔಷಧ ತರಿಸೂದಕ್ಕ ಖಾಸಗಿ ಮಂದಿಗೆ ಇಲ್ಲಿ ಪರವಾನಗಿ ಇಲ್ಲ. ಕಸ್ಟಮ್ಸ್‌ನವರು ಹಿಡದಿಡ್ತಾರ.

ಒಂದು ಮಾತು ಲಕ್ಷ್ಯಗೊಟ್ಟು ಓದು ಅಕ್ಕಾ. ಆಕಿ ಸೀಸೆಯ ಇನ್ಸುಲಿನ್ ತಗೊಳ್ತಿದ್ರ ಲೇಬಲ್ ಮ್ಯಾಲೆ ಒಂದು ಮಿ.ಲೀ.ಗೆ 40 ಯೂನಿಟ್ ಅಂತ ಇರತೈತಿ, ಸಿರಿಂಜಿಗೆ ಕೆಂಪು ಟೋಪಿ. ಇಲ್ಲಿ ಹೆಚ್ಚಾಗಿ ಸಿಗೂದು ಒಂದು ಮಿ.ಲೀ.ಗೆ 100 ಯೂನಿಟ್‌ದು. ಇಲ್ಲಿಯ ಇನ್ಸುಲಿನ್ ಅಲ್ಲಿಯ ಕೆಂಪು ಟೋಪಿ ಸಿರಿಂಜಿನ್ಯಾಗ 10ರ ಗೆರಿತನಕ ಎಳದ್ರ ಮೈಗೆ ಹೋಗೂದು 25 ಯೂನಿಟ್. ಶುಗರ್ ಇಳದು ಹುಡುಗಿ ರೂಮಿನ್ಯಾಗ ಒಬ್ಬಾಕಿನ ಎಚ್ಚರ ತಪ್ಪಿದ್ರ ಯಾರು ನೋಡ್ತಾರ? ಹೊರಡೂಕಿಂತ ಮೊದಲ ಡಾಕ್ಟರನ್ನ ಕೇಳಿ ಪೆನ್ನಿಗೆ ಬದಲಿ ಮಾಡಿಸೂದ ಛಲೋ. ಪೆನ್ನಿನ ಕಾರ್ಟ್ರಿಜ್ ಅಲ್ಲೂ 100ರದ.

ಬಂದ ಮ್ಯಾಲೆ ಮೊದಲ ವಾರದಾಗ ಮನಿ ಹತ್ರದ ಹೌಸಾರ್ಟ್ ಹಿಡೀಬೇಕು, ಅಂದ್ರ ನಮ್ಮ ಕಡೆ ಫ್ಯಾಮಿಲಿ ಡಾಕ್ಟರ್ ಇದ್ದಂಗ. ಫೋನ್ ಹಚ್ಚಿದ ಕೂಡಲೇ ಕೇಳೂದು: "ನೇಮೆನ್ ಜೀ ನೋಯೆ ಕಾಸ್ಸೆನ್‌ಪಾತ್ಸಿಯೆಂಟೆನ್ ಆನ್?" ಸಾರ್ವಜನಿಕ ವಿಮೆಯ ಹೊಸ ರೋಗಿ ತಗೊಳ್ತೀರೇನು ಅಂತ. ಫಲಕದ ಮ್ಯಾಲೆ "ಪ್ರಿವಾಟ್‌ಪ್ರಾಕ್ಸಿಸ್" ಅಂತ ಇದ್ರ ಒಳಗ ಹೋಗೂದ ಬ್ಯಾಡ, ಬಿಲ್ ಪೂರಾ ಕೈಯಿಂದ ಕಟ್ಟಬೇಕಾಗತೈತಿ. ಆನ್‌ಲೈನ್ ಬುಕಿಂಗ್‌ನ್ಯಾಗೂ ವಿಮೆಯ ಬಗೆ ಸರಿಯಾಗಿ ಒತ್ತಬೇಕು. ನಾಳೇನ ಸಿಗ್ತಾವಂತ ತೋರ್ಸೋ ಟೈಮು ಬಹಳ ಸಲ ಖಾಸಗಿಯವರದು.

ಹೌಸಾರ್ಟ್ ಕಡೆಯಿಂದ ಯೂಬರ್‌ವೈಸುಂಗ್ ಅನ್ನೋ ರೆಫರಲ್ ಚೀಟಿ ತಗೋಬೇಕು. ಬರೇ ಚೀಟಿ ಸಾಲಂಗಿಲ್ಲ, ಅದರ ಮ್ಯಾಲೆ 12 ಅಕ್ಷರ-ಅಂಕಿಯ ತುರ್ತು ಕೋಡ್ ಹಾಕಿಸ್ಕೋಬೇಕು. ಕೇಳದಿದ್ರ ಬಹಳಷ್ಟು ಮಂದಿ ಹಾಕಂಗಿಲ್ಲ. ಆ ಕೋಡ್ ಇದ್ರ, ಡಾಕ್ಟರ್ ಟೈಮು ಗೊತ್ತು ಮಾಡಿಕೊಡೋ ಸಹಾಯವಾಣಿ 116117ಕ್ಕ ಫೋನ್ ಹಚ್ಚಿದಾಗ ಅವರು ಒಂದು ವಾರದಾಗ ಅಪಾಯಿಂಟ್‌ಮೆಂಟ್ ಗೊತ್ತು ಮಾಡಿ ಹೇಳಬೇಕು, ಆ ಅಪಾಯಿಂಟ್‌ಮೆಂಟ್ ಮುಂದಿನ 4 ವಾರದೊಳಗ ಇರಬೇಕು ಅಂತ ನಿಯಮ. ಡಾಕ್ಟರ್ ಯಾರು ಅನ್ನೂದು ನಮ್ಮ ಕೈಯಾಗಿಲ್ಲ, ಟ್ರಾಮ್ ಹಿಡದು ದೂರ ಹೋಗಬೇಕಾಗಬಹುದು. ಇದಕ್ಕಿಂತ ಸಲೀಸು ಅಂದ್ರ ಹೌಸಾರ್ಟ್‌ನವರ ಸ್ಪೆಷಲಿಸ್ಟಿಗೆ ಫೋನ್ ಮಾಡಿ ಟೈಮು ಕೊಡಸೂದು. ಹಂಗ ಬಂದ ರೋಗಿಯನ್ನ ಲಗೂನ ನೋಡಿದ್ರ ಸ್ಪೆಷಲಿಸ್ಟಿಗೆ ವಿಮೆಯಿಂದ ಹೆಚ್ಚಿನ ಫೀ ಸಿಗತೈತಿ, ಅದಕ್ಕ ಒಪ್ಕೊಳ್ತಾರ.

ಚೀಟಿ ಮ್ಯಾಲೆ ಯಾರ ಹೆಸರು ಬರೀಬೇಕು ಅನ್ನೂದೂ ಮುಖ್ಯ. ದೊಡ್ಡಾಸ್ಪತ್ರಿಯ ಎಂಡೋಕ್ರೈನ್ ವಿಭಾಗಕ್ಕ ಅಂತ ಬರಸಿದ್ರ ವರ್ಷದ ಮಾತು ಆದೀತು. ಟೈಪ್ 1ಕ್ಕ ಬೇಕಾದದ್ದು ಶುಗರ್‌ಗಂತನ ಇರೋ ಕ್ಲಿನಿಕ್, "ಡಯಾಬೆಟೊಲೋಗಿಶೆ ಶ್ವೆರ್‌ಪುಂಕ್ಟ್‌ಪ್ರಾಕ್ಸಿಸ್". ಅಲ್ಲಿ ಡಾಕ್ಟರ್ ಜೊತಿಗೆ ತರಬೇತಿ ಆದ ಸಲಹಾಗಾರರೂ ಇರ್ತಾರ, ಮೈಗೆ ಅಂಟಿಸ್ಕೊಂಡು ಶುಗರ್ ನೋಡೋ ಸೆನ್ಸರ್ ಬರದುಕೊಡೂದೂ ಅವರ. ದೀರ್ಘ ಕಾಯಿಲೆಯವರಿಗೆ ಇರೋ ಡಿಎಂಪಿ ಅನ್ನೋ ಕಾರ್ಯಕ್ರಮಕ್ಕ ಹೆಸರು ಹಚ್ಚಿದ್ರ ತಪಾಸಣೆ ತಪ್ಪಂಗಿಲ್ಲ. ಥೈರಾಯ್ಡ್ ಗುಳಿಗಿ ಹೌಸಾರ್ಟ್‌ನ ಬರೀತಾರ, ಗಂಟು-ಗಿಂಟು ಕಂಡ್ರ ಇಲ್ಲಿ ನ್ಯೂಕ್ಲಿಯರ್ ಮೆಡಿಸಿನ್ನವರು ನೋಡ್ತಾರ. ಕಣ್ಣಿನ ಡಾಕ್ಟರಿಗೆ ಚೀಟಿ ಬೇಕಿಲ್ಲ.

ಇಲ್ಲಿ ಎಲ್ಲಾ ಲೆಕ್ಕ 3 ತಿಂಗಳದ್ದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಶುರುವಿನ್ಯಾಗ ಡಾಕ್ಟರ್ ಹತ್ರ ಹೋಗಿ ವಿಮಾ ಕಾರ್ಡ್ ಮಶೀನಿನ್ಯಾಗ ಹೊಸದಾಗಿ ಓದಿಸಬೇಕು, ಆಮೇಲೆ ಆ 3 ತಿಂಗಳು ಫೋನಿನ್ಯಾಗ ಔಷಧ ಕೇಳಿದ್ರೂ ಬರದುಕೊಡ್ತಾರ. ಔಷಧಚೀಟಿ ಕಾಗದದ್ದಲ್ಲ, ಕಾರ್ಡನ್ನ ಔಷಧದಂಗಡಿಯಾಗ ತೋರಿಸಿದ್ರ ಸಾಕು, 28 ದಿನದೊಳಗ ತಗೋಬೇಕು. ಒಂದೊಂದು ಔಷಧಕ್ಕ ನಮ್ಮ ಪಾಲು 5ರಿಂದ 10 ಯೂರೋ, ಸ್ಟ್ರಿಪ್‌ಗೆ ಅದೂ ಇಲ್ಲ. ರಸೀದಿ ಜ್ವಾಕಿ ಮಾಡಲಿ. ದೀರ್ಘ ಕಾಯಿಲೆ ಅಂತ ಆದವರಿಗೆ ವರ್ಷದ ಆದಾಯದ ಶೇ. 1 ದಾಟಿದ ಮ್ಯಾಲೆ ಈ ಪಾಲು ಮಾಫಿ.

ಲೈಪ್‌ಜಿಗ್ ಕಡೆ ಶುಗರ್ ಅಂಕಿ ಬ್ಯಾರೆ ಅಳತಿ. ಅಲ್ಲಿಯ 180 ಇಲ್ಲಿ 10, ಅಲ್ಲಿಯ 70 ಇಲ್ಲಿ 3.9. 18ರಿಂದ ಭಾಗಿಸೂದು, ಅಷ್ಟ. ಅಂಕಿ ಸಣ್ಣದು ಬಂತಂತ ನೀ ಫೋನಿನ್ಯಾಗ ಗಾಬರಿ ಆಗಬ್ಯಾಡ.

ಈ ತಿಂಗಳು ಹುಬ್ಬಳ್ಳಿಗೆ ತೋರ್ಸಾಕ ಹೋದಾಗ ಲೆಟರ್‌ಹೆಡ್ ಮ್ಯಾಲೆ ಇಂಗ್ಲಿಷ್‌ನ್ಯಾಗ ಒಂದು ಪತ್ರ ಬರಸ್ಕೊಂಡು ಬಾ. ರೋಗ ಯಾವಾಗಿಂದ, ಇನ್ಸುಲಿನ್‌ದು ಕಂಪನಿ ಹೆಸರಲ್ಲ, ಮೂಲ ಔಷಧದ ಹೆಸರು, ಹೊತ್ತುಹೊತ್ತಿನ ಯೂನಿಟ್, ಈಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕಣ್ಣಿನ ವರದಿ, ವಿಮಾನದಾಗ ಸೂಜಿ ಒಯ್ಯಬೇಕು ಅನ್ನೋ ಒಂದು ಸಾಲು. ಸಹಿ, ಶಿಕ್ಕಾ, ರಜಿಸ್ಟ್ರೇಶನ್ ನಂಬರ್ ಎಲ್ಲಾ ಇರಲಿ. ಎರಡು ಪ್ರತಿ ಮಾಡಿಸಿ, ಒಂದರ ಫೋಟೋ ನನಗ ವಾಟ್ಸಾಪ್‌ನ್ಯಾಗ ಕಳಸು, ಇಲ್ಲಿ ಹೌಸಾರ್ಟ್ ಹುಡುಕೂದು ನಾ ಈಗಿಂದನ ಶುರು ಮಾಡ್ತೀನಿ.

ಇಂತಿ ನಿನ್ನ ತಮ್ಮ,
ಬಸವರಾಜ